ಟಗರಿನ ಲೆಕ್ಕ

"ಕೊನೇ ಪುಟದ ಉತ್ತರ ನೋಡ್ಕಂಡು ಬರ್ದಿದೀಯ," ಎನ್ನುತ್ತ ದುರುಗೇಶ್ ಹೆಂಡತಿಯ ಕೈಯಿಂದ ಗಣಿತದ ಗೈಡು ಕಸಿದುಕೊಂಡ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದ ರೋಜಾ ಈ ವರ್ಷ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಲಾಭ-ನಷ್ಟದ ಲೆಕ್ಕ ಒಂದೂ ತಪ್ಪಿರಲಿಲ್ಲ. ಹಿರಿಯೂರು ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವ ಅವನಿಗೆ ಅದೇ ಅನುಮಾನ ತಂದಿತ್ತು.

"ನೋಡಿಲ್ಲ ಕಣ್ರಿ. ಬೇಕಾದ್ರೆ ನೀವೇ ಒಂದು ಲೆಕ್ಕ ಕೊಡ್ರಿ."

ಗೈಡನ್ನು ತೊಡೆಯ ಕೆಳಗಿಟ್ಟುಕೊಂಡು, ಅವಳ ಕಣ್ಣನ್ನೇ ದಿಟ್ಟಿಸುತ್ತ, ಅವನು ಬಾಯಿಗೆ ಬಂದದ್ದು ಹೇಳಿದ: "ಒಂದು ಟಗರು. ಹದಿನೆಂಟು ಸಾವಿರದ ನಾನೂರಕ್ಕೆ ತಗಂಡು ಇಪ್ಪತ್ಮೂರು ಸಾವಿರಕ್ಕೆ ಮಾರಿದ್ರೆ ನೂರಕ್ಕೆಷ್ಟು ಲಾಭ? ಹೇಳು ನೋಡಾಣ."

ರೋಜಾ ಕಳೆದಳು, ಭಾಗಿಸಿದಳು. "ನಾಕು ಸಾವಿರದ ಆರ್ನೂರು ಲಾಭ. ನೂರಕ್ಕೆ ಇಪ್ಪತ್ತೈದು." ಉತ್ತರ ಸರಿಯಾಗಿತ್ತು. ದುರುಗೇಶ್ ಗೈಡನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಪೆನ್ಸಿಲ್ಲಿನ ಮೊನೆ ಅವಳು ಮೊದಲು ಬರೆದ ಹದಿನೆಂಟು ಸಾವಿರದ ನಾನೂರರ ಮೇಲೇ ನಿಂತಿತ್ತು.

"ಹೋದ ತಿಂಗಳು ನಮ್ಮಪ್ಪನ ಟಗರು ಮಾರಿ ಬಂದ್ರಲ್ಲ," ಎಂದಳು ನಿಧಾನವಾಗಿ. "ಹದಿನೆಂಟು ಸಾವಿರದ ನಾನೂರಕ್ಕೇ ಹೋತು ಮಾವ, ಅಂತ ರೊಕ್ಕ ಕೊಟ್ರಿ. ಇಪ್ಪತ್ಮೂರಕ್ಕೆ ಹೋಗಿತ್ತಾ?"

ಅದು ಬರೀ ಲೆಕ್ಕ ಎನ್ನಲು ಅವನು ಬಾಯಿ ತೆರೆದ. ಚಾಚಿದ್ದ ಗೈಡನ್ನು ಕೆಳಗಿಟ್ಟ. ಮಾವ ಈರಬಸಪ್ಪ ಅಂದು ಆ ನೋಟುಗಳನ್ನು ಎಣಿಸದೆಯೇ ಮಡಚಿ, ಅಳಿಯನ ಬೆನ್ನು ತಟ್ಟಿ, ಊಟಕ್ಕೆ ಕೂರಿಸಿದ್ದು ನೆನಪಾಯಿತು.

ರೋಜಾ ಎದ್ದು ನಿಂತಳು. "ಬೈಕ್ ತೆಗೀರಿ. ತಾಳ್ಯಕ್ಕೆ, ಅಪ್ಪನ ಮನೇಗೆ ಹೋಗಾಣ. ಅಪ್ಪಂಗೆ ನೀವೇ ಹೇಳ್ರಿ."