ಸಂಜೆ ಏಳರ ಪ್ರಾರ್ಥನೆ

ಫಾರ್ವರ್ಡ್ ಬಟನ್ ಮೇಲಿಂದ ಬೆರಳು ತೆಗೆದು, ಇದನ್ನು ಸ್ವಲ್ಪ ನಿಧಾನವಾಗಿ ಓದಿ...

ಹುಬ್ಬಳ್ಳಿಯಲ್ಲಿ ಕ್ರಿಸ್ತಾನಂದ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದರು. ಚರ್ಚಿನ ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್.

ಬೆಳಗಾಗುವ ಮೊದಲೇ ಗುಲಾಬಿ ಹೂವಿನ ಮೇಲೆ ಬರೆದ ದೇವರ ವಾಕ್ಯವೊಂದು ಎಲ್ಲರ ಫೋನಿಗೂ ಬಂದು ಬೀಳುತ್ತಿತ್ತು. ಸಭೆಯಲ್ಲಿ ಪ್ರಾರ್ಥನೆಗೆ ಎದ್ದು ನಿಂತರೆ ಮಾತು ನೀರು ಹರಿದಂತೆ... ಮುಂದಿನ ಬೆಂಚಿನ ಮಕ್ಕಳು ತೂಕಡಿಸುವಷ್ಟು ಉದ್ದ!

ಒಂದು ದಿನ ವೆಲ್ಡಿಂಗ್ ಕೆಲಸದ ಎಲೀಷ ಆಸ್ಪತ್ರೆ ಸೇರಿದ. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಹೆಚ್ಚು ಮಾತಿಲ್ಲದ ಮನುಷ್ಯ. ಲಿವರ್ ಪೂರ್ತಿ ಕೆಟ್ಟಿದೆ, ಉಳಿಯುವುದು ಕಷ್ಟ ಎಂದರು ಡಾಕ್ಟರು.

ಅವನ ಹೆಂಡತಿ ಸುವಾರ್ತಾ ಅಳುತ್ತಾ ಕ್ರಿಸ್ತಾನಂದರಿಗೆ ಫೋನ್ ಮಾಡಿದಳು.

"ಅಣ್ಣಾರ, ದೇವರು ನಿಮ್ಮ ಪ್ರಾರ್ಥನಾ ಕೇಳತಾನಂತ ಇವರು ಭಾಳ ನಂಬ್ಯಾರ್ರೀ. ನಮ್ಮನ್ನ ಮರೀಬ್ಯಾಡ್ರಿ..."

"ಮರೀತೀನೇನವಾ! ದಿನಾ ಸಂಜಿ ಏಳಕ್ಕ ಮೊಣಕಾಲೂರಿ ಎಲೀಷನ ಸಲುವಾಗಿ ಪ್ರಾರ್ಥನಾ ಮಾಡತೀನಿ. ಹೇಳು ಅವಗ."

ಅವರು ಸುಳ್ಳು ಹೇಳಲಿಲ್ಲ. ಆ ಕ್ಷಣ ಅವರ ಮನಸ್ಸಿನಲ್ಲಿ ನಿಜವಾಗಿಯೂ ಹಾಗೇ ಇತ್ತು...

ಆದರೆ ಅಂದು ಏಳಕ್ಕೆ ಬೀಗರ ಫೋನ್ ಬಂತು. ಮರುದಿನ ಟಿವಿಯಲ್ಲಿ ಎಲೆಕ್ಷನ್ ಸುದ್ದಿ ಜೋರಾಗಿತ್ತು. ಆಮೇಲೆ ನಾಳೆಯ ವಾಕ್ಯಕ್ಕೆ ಯಾವ ಹೂವು ಚೆಂದ ಎಂದು ಹುಡುಕುವುದರಲ್ಲೇ ಹೊತ್ತು ಹೋಯಿತು.

ಹಾಗೇ ಎಲೀಷನ ಹೆಸರು ಮನಸ್ಸಿನಿಂದ ಜಾರಿತು.

ಸುವಾರ್ತಾಳ ಮೆಸೇಜ್ ಮಾತ್ರ ಬರುತ್ತಲೇ ಇತ್ತು. ಇವತ್ತು ಸ್ವಲ್ಪ ಗಂಜಿ ಕುಡಿದರು... ಇವತ್ತು ಹೊಟ್ಟೆ ಬಹಳ ಊದಿದೆ... ಇವತ್ತು ಸ್ವಲ್ಪ ಹೊತ್ತು ನನ್ನ ಗುರುತು ಹಿಡಿಯಲಿಲ್ಲ...

ಕ್ರಿಸ್ತಾನಂದರು 'ಪ್ರಾ' ಎಂದು ಒತ್ತುತ್ತಿದ್ದರು. ಉಳಿದದ್ದನ್ನು ಫೋನೇ ತುಂಬಿಕೊಳ್ಳುತ್ತಿತ್ತು... 'ಪ್ರಾರ್ಥಿಸುತ್ತಿದ್ದೇನೆ'. ಅದರ ಮುಂದೆ ಒಂದಿಷ್ಟು ಮುಗಿದ ಕೈಗಳ ಚಿತ್ರ.

ಫೋನಿಗೆ ಅದು ರೂಢಿಯಾಗಿತ್ತು. ಅವರಿಗೂ ಅಷ್ಟೇ.

ಎಲೀಷ ಉಳಿಯಲಿಲ್ಲ.

'ಪ್ರಭುವಿನಲ್ಲಿ ನಿದ್ರೆಹೋದರು' ಎಂದು ಗ್ರೂಪಿನಲ್ಲಿ ಮೊದಲು ಹಾಕಿದವರೂ ಕ್ರಿಸ್ತಾನಂದರೇ. ಹಾಕಿ, ಬಿಳಿ ಶರ್ಟು ತೊಟ್ಟು ಸಾವಿನ ಮನೆಗೆ ಹೋದರು.

ಪುಟ್ಟ ಮನೆಯ ನಡುವೆ ಶವಪೆಟ್ಟಿಗೆ. ಪಕ್ಕದಲ್ಲಿ ನೆಲದ ಮೇಲೆ ಸುವಾರ್ತಾ. ಅವರನ್ನು ಕಂಡದ್ದೇ ತಡ, ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಬಂದ್ರೀ ಅಣ್ಣಾರ... ನಿಮ್ಮ ಉಪಕಾರ ಹ್ಯಾಂಗ ತೀರಸಲಿ ನಾನು?"

ಅವರಿಗೆ ಏನೂ ಅರ್ಥವಾಗಲಿಲ್ಲ.

"ಸಂಜಿ ಏಳಾತಂದ್ರ ಇವರು ವಾರ್ಡಿನಾಗ ಬಾಜೂ ಮಂಚದವ್ರಿಗೂ ಸುಮ್ಮಕಿರ್ರಿ ಅಂತಿದ್ರು. 'ಈಗ ಅಣ್ಣಾರು ನನ್ ಸಲುವಾಗಿ ಮೊಣಕಾಲೂರಿರ್ತಾರ, ನಾವೂ ಅವರ ಕೂಡ ಪ್ರಾರ್ಥನಾ ಮಾಡೂಣು' ಅಂತಿದ್ರು. ಕೈ ಎತ್ತಾಕ ಆಗ್ತಿದ್ದಿಲ್ಲರಿ... ನಾನ ಹಿಡದು ಜೋಡಸ್ತಿದ್ದೆ."

ಕ್ರಿಸ್ತಾನಂದರು ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ.

"ತಮಗಂತ ಏನೂ ಬೇಡತಿದ್ದಿಲ್ಲ ಅಣ್ಣಾರ. ಚರ್ಚಿನ ಮೆಟ್ಲ ಹತ್ತುವಾಗ ನೀವು ಮೊಣಕಾಲು ಹಿಡಕೊಳ್ಳೂದು ನೋಡಿದ್ರಂತ. 'ಸ್ವಾಮೀ, ಅಂಥ ಕಾಲು ನೆಲಕ್ಕೂರಿ ನನ್ ಸಲುವಾಗಿ ಬೇಡಾಕತ್ತಾರ... ಅವರ ನೋವು ತಗದುಬಿಡು' ಅಂತ ದಿನಾ ಅದನ್ನ ಬೇಡತಿದ್ರು. ನಿನ್ನೆ ಮಾತ ಹೊಂಡಲಿಲ್ಲ... ಬರೇ ತುಟಿ ಆಡಸಿದ್ರು."

ಸಾಯುತ್ತಿದ್ದ ಮನುಷ್ಯ ಇವರಿಗಾಗಿ ಪ್ರಾರ್ಥಿಸಿದ್ದ. ಇವರು ಅವನಿಗಾಗಿ ಒಂದೇ ಒಂದು ದಿನವೂ ಪ್ರಾರ್ಥಿಸಿರಲಿಲ್ಲ!

ಅಷ್ಟರಲ್ಲಿ ಪಾಸ್ಟರು ಮೆಲ್ಲಗೆ ಹೇಳಿದರು, "ಸರ್, ಪೆಟ್ಟಿಗೆ ಮುಚ್ಚೂಕಿಂತ ಮೊದಲ ನೀವ ಒಂದು ಪ್ರಾರ್ಥನಾ ಮಾಡ್ರಿ."

ಎಲ್ಲರೂ ತಲೆಬಾಗಿಸಿದರು. ಕ್ರಿಸ್ತಾನಂದರು ಬಾಯಿ ತೆರೆದರು... ಒಂದು ಶಬ್ದವೂ ಹೊರಡಲಿಲ್ಲ. ದುಃಖ ಉಕ್ಕಿಬಂದಿದೆ ಎಂದುಕೊಂಡ ಜನ ಇನ್ನಷ್ಟು ಅತ್ತರು. ಕೊನೆಗೆ ಪಾಸ್ಟರೇ ಪ್ರಾರ್ಥನೆ ಮುಗಿಸಿದರು.

ಸಮಾಧಿ ಮುಗಿಸಿ ಮರಳುವಾಗ ಅವರು ಸುವಾರ್ತಾಳ ಹತ್ತಿರ ಹೋದರು. ಹೇಳಿಬಿಡಬೇಕು, ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎನಿಸಿತ್ತು.

"ತಂಗೀ, ನಾನು..."

ಅವಳು ಮುಖವೆತ್ತಿದಳು. ಆ ಮುಖದಲ್ಲಿ ಉಳಿದಿದ್ದ ಸಮಾಧಾನ ಅದೊಂದೇ... ತನ್ನ ಗಂಡ ಒಂಟಿಯಾಗಿ ಸಾಯಲಿಲ್ಲ ಎಂಬುದು.

ಅದನ್ನು ಕಿತ್ತುಕೊಂಡು ತಾವು ಹಗುರಾಗುವುದೇ? ಕ್ರಿಸ್ತಾನಂದರು ಮಾತು ನುಂಗಿಕೊಂಡರು. ತಪ್ಪೊಪ್ಪಿಕೊಂಡು ಪಾರಾಗುವ ದಾರಿಯೂ ಅವರಿಗೆ ಉಳಿಯಲಿಲ್ಲ.

ಅವಳೇ ಹೇಳಿದಳು, "ಇನ್ ಮ್ಯಾಲೆ ಏಳಕ್ಕ ನಾ ಒಬ್ಬಾಕೀನ ಪ್ರಾರ್ಥನಾಕ್ಕ ಕೂಡಬೇಕು. ನೀವ್ ಬಿಡಬ್ಯಾಡ್ರಿ ಅಣ್ಣಾರ. ನೀವು ಕೂತೀರಿ ಅಂದ್ರ ನನಗ ಧೈರ್ಯ."

ಆಗಲಿ ಎಂದು ಅವರು ತಲೆಯಾಡಿಸಿದರು.

ಅಂದು ಸಂಜೆ ಏಳಾಯಿತು. ಫೋನು ಗುಂಯ್‌ಗುಡುತ್ತಲೇ ಇತ್ತು... ಎಲೀಷನ ಫೋಟೋ ಕೆಳಗೆ ಹೂವು, ಮೇಣದಬತ್ತಿ, ಮುಗಿದ ಕೈಗಳ ಸಾಲು.

ಕ್ರಿಸ್ತಾನಂದರು ಅದನ್ನು ಆಫ್ ಮಾಡಿದರು. ಕುರ್ಚಿಯ ಅಂಚು ಹಿಡಿದು, ನರಳುತ್ತಾ, ನೆಲಕ್ಕೆ ಮೊಣಕಾಲೂರಿದರು.

"ಸ್ವಾಮೀ..." ಎಂದರು.

ದೇವರ ಬಗ್ಗೆ ಊರಿಗೆಲ್ಲ ಏನೇನೋ ಕಳಿಸಿದ್ದರು. ದೇವರಿಗೇ ಒಂದು ಮಾತು ಹೇಳಿ ಎಷ್ಟು ಕಾಲವಾಗಿತ್ತೋ, ನೆನಪೇ ಆಗಲಿಲ್ಲ. ಹಣೆ ನೆಲಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

ಊರಿನ ಆ ತುದಿಯಲ್ಲಿ, ಖಾಲಿ ಮನೆಯಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು, ಅಣ್ಣ ಈಗ ಮೊಣಕಾಲೂರಿರುತ್ತಾರೆ ಎಂದುಕೊಂಡಳು...

ಆ ದಿನ, ಮೊದಲ ಬಾರಿಗೆ, ಅದು ನಿಜವಾಗಿತ್ತು.

ದೇವರ ಮಾತನ್ನು ಎಲ್ಲರಿಗೂ ಹಂಚುತ್ತಲೇ, ದೇವರೊಡನೆ ಮಾತು ಬಿಟ್ಟಿರಲು ಸಾಧ್ಯವಿದೆ.

'ಪ್ರಾರ್ಥಿಸುತ್ತೇನೆ' ಎಂದು ನೀವು ಯಾರಿಗೆ ಮಾತು ಕೊಟ್ಟಿದ್ದೀರಿ... ಅವರ ಹೆಸರು ಇವತ್ತು ದೇವರ ಮುಂದೆ ನಿಮ್ಮ ಬಾಯಿಂದ ಬಂತೇ?