ಪೆಪ್ಪರಮಿಂಟಿನ ಕಾಗದ

ಅಜ್ಜಿಯ ದಿಂಬಿನ ಚೀಲವನ್ನು ಸೋದರತ್ತೆ ಕೊಡವದಿದ್ದರೆ ಸಾಕಪ್ಪ. ಬಾಗಿಲಿಗೆ ಆತುಕೊಂಡು ನಿಂತ ಮೂಗಿ ಮನಸ್ಸಿನಲ್ಲೇ ಅಂದುಕೊಂಡಳು.

ಅತ್ತೆ ಕೊಡವಿಯೇಬಿಟ್ಟರು. ಸಣ್ಣಗೆ ಮಡಿಚಿದ ಬಣ್ಣದ ಕಾಗದಗಳು ನೆಲಕ್ಕುದುರಿದವು. ಎಲ್ಲ ಪೆಪ್ಪರಮಿಂಟು ಸುತ್ತುವ ಕಾಗದ.

“ಅಮ್ಮನಿಗೆ ಸಿಹಿ ಮುಟ್ಟಿಸಲೇಬೇಡಿ ಅಂದಿದ್ರಲ್ಲ ಡಾಕ್ಟರು! ಯಾರೇ ಕೊಡ್ತಿದ್ದದ್ದು? ನೀನೇನಾ?”

ಮೂಗಿ ಎಂಬುದು ಮಾತು ಕಡಿಮೆ ಅಂತ ಮನೆಯವರು ಇಟ್ಟ ಹೆಸರು. ಡಿಗ್ರಿ ಮುಗಿಸಿ ಮನೆಯಲ್ಲೇ ಉಳಿದವಳು. ಅಜ್ಜಿಗೆ ಮರೆವು ಹತ್ತಿದಾಗಿನಿಂದ ಸ್ನಾನ, ಊಟ, ಮಾತ್ರೆ ಎಲ್ಲವೂ ಅವಳ ಪಾಲಿಗೇ ಬಂದಿತ್ತು. ಈಗ ಅಜ್ಜಿ ಇಲ್ಲ. ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ಅತ್ತೆ, ಹೋಗುವ ಮುಂಚೆ ತಾಯಿಯ ಕೋಣೆಯನ್ನು ಓರಣ ಮಾಡುತ್ತಿದ್ದರು.

ಮೂಗಿ ತಲೆಯಾಡಿಸಿ ಒಪ್ಪಿಕೊಂಡಳು.

“ಅಯ್ಯೋ ಹುಚ್ಚಿ, ಮುಖ ಯಾಕೆ ಹಾಗೆ ಮಾಡ್ತೀಯ? ಆ ಚೂರು ಸಕ್ಕರೆಯಿಂದ ಯಾರೂ ಸಾಯಲ್ಲ. ಪ್ರೀತಿಗೆ ಕೊಟ್ಟಿದ್ದೀಯ, ಬಿಡು.”

ಪ್ರೀತಿ! ಮೂಗಿ ಬಗ್ಗಿ ಕಾಗದಗಳನ್ನು ಆರಿಸತೊಡಗಿದಳು. ತಲೆ ಎತ್ತುವ ಧೈರ್ಯವಾಗಲಿಲ್ಲ.

ಅತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತರು. ಅಜ್ಜಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದ ಮೆಷಿನ್ನು ಅದು. ಚಿಕ್ಕಂದಿನಲ್ಲಿ ಅದರ ಸೂಜಿ ಹೊಕ್ಕಿದ್ದ ಎಡಗೈ ಹೆಬ್ಬೆರಳಿನಿಂದಲೇ ಅತ್ತೆ ಚಕ್ರವನ್ನು ಒಂದು ಸುತ್ತು ತಿರುಗಿಸಿದರು.

“ನಾನು ಬಂದಾಗಲೆಲ್ಲ, ‘ಯಾರಮ್ಮ, ಅಳತೆ ಕೊಡೋಕೆ ಬಂದ್ಯಾ?’ ಅನ್ನೋಳು. ನೀನು ಒಳಗೆ ಬಂದ್ರೆ ಮಾತ್ರ ‘ನನ್ನ ಮೂಗಿ’! ಹೆತ್ತ ಮಗಳು ಗಿರಾಕಿ ಆಗ್ಬಿಟ್ಟೆ ನೋಡು.”

ಸುಳ್ಳಲ್ಲ. ‘ನನ್ನ ಮೂಗಿ’ ಎನ್ನುತ್ತಲೇ ಅಜ್ಜಿ ಅಂಗೈ ಚಾಚುತ್ತಿದ್ದಳು. ಮೊಮ್ಮಗಳ ಕೈ ಹಿಡಿಯಬೇಕಂತೆ ಎಂದು ನೋಡಿದವರ ಕಣ್ಣು ತುಂಬಿಬರುತ್ತಿತ್ತು.

ಉಳಿದದ್ದೆಲ್ಲ ತಲೆಬುಡವಿಲ್ಲದ್ದು. ತುಟಿ ಬಿಚ್ಚದ ಮೂಗಿಗೆ, “ಸಾಕು ಮಾಡೇ ನಿನ್ನ ವಟವಟ, ಮೊದಲು ಉಣ್ಣು” ಎಂದು ಗದರುತ್ತಿದ್ದಳು. ಮನೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಲವೊಮ್ಮೆ ಮೂಗಿಯ ಹೆಬ್ಬೆರಳು ಹಿಡಿದು, “ಇನ್ನೂ ನೋವಿದೆಯಾ?” ಎಂದು ಊದುತ್ತಿದ್ದಳು. ಬೆರಳಿನ ಮೇಲೆ ಒಂದು ಗೀರೂ ಇರುತ್ತಿರಲಿಲ್ಲ.

“ಗಿಣಿ ಅಂತಿದ್ದಳು ನನ್ನನ್ನ,” ಅತ್ತೆ ಮೂಗು ಒರೆಸಿಕೊಂಡರು. “ಬಾಯಿಗೆ ಬಿಡುವೇ ಇಲ್ಲ ಅಂತ. ಸಾಯೋ ಮುಂಚೆ ಒಂದೇ ಒಂದು ಸಲ ಹಾಗೆ ಕರೆದಿದ್ರೆ ಸಾಕಿತ್ತು. ಜಗಳ ಆಡಿ ಮನೆ ಬಿಟ್ಟೆನಲ್ಲ, ಮನಸ್ಸಿನಿಂದಲೇ ಕಿತ್ತು ಹಾಕಿದಳು. ಮರೆವಲ್ಲ ಕಣೇ ಅದು, ಸಿಟ್ಟು.”

ಅತ್ತೆ ಎದ್ದು ಚೀಲ ಹೆಗಲಿಗೇರಿಸಿಕೊಂಡರು. ಹೊಸ್ತಿಲು ದಾಟಿದರು. ಮೆಟ್ಟಿಲಿಳಿಯತೊಡಗಿದರು.

ಮೂಗಿಯ ಮುಷ್ಟಿಯೊಳಗೆ ಕಾಗದಗಳು ಮುದ್ದೆಯಾದವು. ಅಜ್ಜಿಯಿಂದ ಅವಳಿಗೆ ದಕ್ಕಿದ್ದು ‘ನನ್ನ ಮೂಗಿ’ ಎಂಬ ಅದೊಂದು ಕರೆ. ಬಾಯಿ ಬಿಟ್ಟರೆ ಅದೂ ಕೈತಪ್ಪುತ್ತದೆ. ಬಿಡದಿದ್ದರೆ ಅತ್ತೆ ಆ ಸಿಟ್ಟನ್ನು ಬದುಕಿರುವವರೆಗೂ ಹೊರುತ್ತಾರೆ.

“ಅತ್ತೆ!” ಅವಳ ದನಿ ಅವಳಿಗೇ ಹೊಸದೆನಿಸಿತು. “ಅಜ್ಜಿ ಮರೆತಿದ್ದು ನನ್ನನ್ನ. ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ‘ಗಿಣಿ’ ಅಂತಲೇ ಕರೀತಿದ್ದಳು. ‘ಮೂಗಿ’ ಅಂದರೆ ಮಾತ್ರ ನಾನು ಪೆಪ್ಪರಮಿಂಟು ಕೊಡ್ತಿದ್ದೆ.”