ತಿದ್ದದ ಹಾಡು

ಅಂತರ್ಜಾಲದಲ್ಲಿದ್ದ ಹಾಡುಗಳ ಸ್ವರತಪ್ಪುಗಳನ್ನೆಲ್ಲ ಕೃತಕ ಬುದ್ಧಿಯ ಯಂತ್ರ ಪ್ರತಿ ವಾರ ತಾನಾಗಿ ತಿದ್ದುತ್ತಿತ್ತು. ಜನರಿಗೆ ಅದು ರೂಢಿಯಾಗಿತ್ತು. ನೀಲಾಂಬಿಕೆಯ ತೀರಿಹೋದ ಅಕ್ಕ ಹಾಡಿದ್ದ ಭಜನೆಯೂ ಹಾಗೆ ತಿದ್ದಿಸಿಕೊಂಡು ಯಾರದೋ ದನಿಯಾಗಿತ್ತು. ಮೂಲ ಹಾಡು ಉಳಿದಿದ್ದುದು ಒಂದೇ ಸಿ.ಡಿ.ಯಲ್ಲಿ. ಅದನ್ನು ನುಡಿಸುವ ಮೂವತ್ತು ವರ್ಷದ ಹಳೆಯ ಪ್ಲೇಯರ್ ಕೆಟ್ಟಾಗ ಆಕೆ ಧಾರವಾಡವನ್ನೆಲ್ಲ ಅಲೆದು, ರಿಪೇರಿ ಗೊತ್ತಿದ್ದ ಈರಪ್ಪನನ್ನು ಹುಡುಕಿದಳು.

ಈರಪ್ಪ ಪ್ಲೇಯರ್ ಬಿಚ್ಚಿ, ಲೆನ್ಸ್ ಒರೆಸಿ, ಸಿ.ಡಿ. ಹಾಕಿದ. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹಾಡು ಶುರುವಾಯಿತು. ಎರಡನೆಯ ಸಾಲಿನಲ್ಲಿ ದನಿ ತುಸು ಜಾರಿತು.

"ಇಲ್ಲಿ ಸ್ವರ ತಪ್ಪೈತಲ್ರಿ, ಅಮ್ಮಾರ," ಎಂದ ಈರಪ್ಪ. "ಪ್ಲೇಯರ್ ಮಾತ್ರ ಸರಿ ಐತ್ರಿ."

"ತಪ್ಪು ನಮ್ಮಕ್ಕಂದ ಅಪ್ಪಾ. ಆಕಿ ಹಾಡೋ ಮುಂದ ನಾ ಎದುರಿಗೆ ಕೂತು ಆಕೀನ್ನ ನಗಿಸಿದ್ದೆ."

ನೀಲಾಂಬಿಕೆ ನಿರಾಳವಾಗಿ ಉಸಿರುಬಿಟ್ಟು, ಅದೇ ಸಾಲನ್ನು ಮತ್ತೊಮ್ಮೆ ಹಾಕಿಸಿದಳು.